ನವಲಗುಂದದಿಂದ ವಂಡರ್‌ಲಾಕ್ಕೆ: ಮೊದಲು ಬಿಸಿಲಿನ ಲೆಕ್ಕ

ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಯಲ್ಲಿ ಫಲಿತಾಂಶ ಓದಿ ಮುಗಿಸುತ್ತಾರೆ. ಹುಡುಗರು ಪಾಟೀಚೀಲ ಮೂಲೆಗೆ ಒಗೆದು ಓಣಿಗಿಳಿಯುತ್ತಾರೆ. ಅಷ್ಟರಲ್ಲಿ ಕುಂದಗೋಳದ ಮೆಣಸಿನಕಾಯಿ ಬ್ಯಾಡಗಿ ಪೇಟೆ ಕಂಡು ಬಂದಿರುತ್ತದೆ. ನವಲಗುಂದ, ಅಣ್ಣಿಗೇರಿಯ ಎರಿಹೊಲಗಳಲ್ಲಿ ಕಡಲೆ, ಬಿಳಿಜೋಳ, ಗೋಧಿಯ ರಾಶಿ ಮುಗಿದು ಕಣ ಬರಿದಾಗಿರುತ್ತದೆ. ಕೈಯಲ್ಲಿ ಒಂದಿಷ್ಟು ರೊಕ್ಕ, ಮುಂದೆ ಮೇ ಕೊನೆಯವರೆಗೆ ಏಳು ವಾರದ ಸೂಟಿ. ಮೊದಲೆಲ್ಲ ಸೂಟಿಯೆಂದರೆ ಅಜ್ಜಿಯ ಊರು, ಅಲ್ಲಿನ ಜಾತ್ರೆ, ಜಾತ್ರೆಯಲ್ಲಿ ಮೂರು ಸುತ್ತು ತೊಟ್ಟಿಲು, ಅಲ್ಲಿಗೆ ಮುಗಿಯಿತು. ಈಗ ಬೆಂಗಳೂರಿನ ಪೀಣ್ಯದಲ್ಲೋ ರಾಜಾಜಿನಗರದಲ್ಲೋ ಇರುವ ಕಾಕಾನ ಮಕ್ಕಳು ನೀರಿನೊಳಗೆ ಜಾರುವ ವಿಡಿಯೊ ಕಳಿಸುತ್ತಾರೆ. ಸಂಜೆ ಊಟಕ್ಕೆ ಕುಂತಾಗ ಮಾತು ಬಂದೇಬಿಡುತ್ತದೆ: "ಅಪ್ಪಾ, ಈ ಸಲ ವಂಡರ್‌ಲಾಕ್ಕ ಹೋಗೂಣು."

ಅಪ್ಪ ಕೇಳುವ ಮೊದಲ ಪ್ರಶ್ನೆ "ಟಿಕೀಟ ಎಷ್ಟೈತಿ?" ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಮೊದಲು ಕೇಳಬೇಕಾದದ್ದು ಅದಲ್ಲ. ಬೇಸಿಗೆಯ ನಟ್ಟನಡುವೆ, ನಾನೂರು ಕಿಲೊಮೀಟರ್ ಆಚೆ, ಮುದುಕರು ಮಕ್ಕಳು ಸೇರಿ ಆರೇಳು ಜನ ಒಂದು ಇಡೀ ಹಗಲು ಬಯಲಲ್ಲಿ ಕಳೆಯುವುದಕ್ಕೆ ಹೊರಟಿದ್ದಾರೆ. ಕೇಳಬೇಕಾದದ್ದು ಇಷ್ಟೇ: ಹನ್ನೆರಡರಿಂದ ಮೂರರವರೆಗೆ ಯಾರು ಎಲ್ಲಿರುತ್ತಾರೆ?

ಬಿಸಿಲಿನ ಲೆಕ್ಕವನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಸಿಗೆಯ ರಂಟೆ ಹೊಡೆಯುವವನು ನಸುಕಿನಲ್ಲಿ ಎತ್ತು ಹೂಡಿ, ಹೊತ್ತು ಏರುವ ಮೊದಲು ಕೊಳ್ಳು ಹರಿಯುತ್ತಾನೆ. ಟ್ರ್ಯಾಕ್ಟರ್ ಇದ್ದವನೂ ಹಾಗೆಯೇ. ಹನ್ನೊಂದರ ಮೇಲೆ ಹೊಲದಲ್ಲಿ ನಿಂತವನನ್ನು ಊರವರು ನೋಡಿ ನಗುತ್ತಾರೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳೇ ಏಪ್ರಿಲ್–ಮೇ ತಿಂಗಳಲ್ಲಿ ಬೆಳಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಇಷ್ಟು ಬಲ್ಲ ಜನ ಪ್ರವಾಸಕ್ಕೆ ಹೊರಟರೆ ಎಲ್ಲವನ್ನೂ ಮರೆಯುತ್ತಾರೆ. ರೊಕ್ಕ ಕೊಟ್ಟು ಒಳಗೆ ಹೋದಮೇಲೆ ಒಂದು ನಿಮಿಷವೂ ದಂಡವಾಗಬಾರದೆಂಬ ಹಟ.

ಬಿಡದಿಯಲ್ಲಿರುವ ವಂಡರ್‌ಲಾ ಪಾರ್ಕಿನ ವೇಳಾಪಟ್ಟಿ ಹೊಲದ ವೇಳಾಪಟ್ಟಿಗೆ ಸರಿಯಾಗಿ ಉಲ್ಟಾ. ನಮ್ಮ ರೈತ ಮನೆಗೆ ಬರುವ ಹನ್ನೊಂದರ ಸುಮಾರಿಗೆ ಅಲ್ಲಿ ಗೇಟು ತೆಗೆಯುತ್ತಾರೆ. ನೀರಿನ ಆಟಗಳು ಶುರುವಾಗುವುದು ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ. ಏಪ್ರಿಲ್ 24ರ ಆಸುಪಾಸಿಗೆ ಬೆಂಗಳೂರು–ಬಿಡದಿಯ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ನೆಟ್ಟ ಕೋಲಿಗೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ನಮ್ಮ ಧಾರವಾಡದ ಕಡೆ ಅದೇ ಶೂನ್ಯ ನೆರಳಿನ ದಿನ ಮೇ ಮೊದಲ ವಾರದ ಶುರುವಿನಲ್ಲಿ ಬರುತ್ತದೆ. ಹಾಗಾಗಿ ಸೂಟಿಯ ನಡುವಿನ ದಿನಗಳಲ್ಲಿ ಕೊಳಕ್ಕಿಳಿಯುವ ಹೊತ್ತು ಮತ್ತು ಬಿಸಿಲು ಅತಿ ನೆಟ್ಟಗೆ ಬೀಳುವ ಹೊತ್ತು ಎರಡೂ ಒಂದೇ. ಮೈ ತಂಪಾಗಿರುವುದರಿಂದ ಉರಿ ಗೊತ್ತಾಗುವುದಿಲ್ಲ. ರಾತ್ರಿ ಅಂಗಿ ತೊಡುವಾಗ ಭುಜ ಮುಟ್ಟಿದರೆ ಹುಡುಗ ಚೀರುತ್ತಾನೆ.

ಬಿಸಿಲನ್ನು ಲೆಕ್ಕಕ್ಕೆ ಹಿಡಿಯದೆ ಕೆಟ್ಟವರಲ್ಲಿ ನಾವೇ ಮೊದಲಿಗರಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಆ ದಿನದ ಬಿಸಿಲು ನಮ್ಮ ನವಲಗುಂದದ ಏಪ್ರಿಲ್‌ನಷ್ಟೇ, 38 ಡಿಗ್ರಿಯ ಹತ್ತಿರ. ಕೊಳಾಯಿ ಕೆಲಸಗಾರರ ಮುಷ್ಕರ ನಡೆದಿದ್ದರಿಂದ ಕುಡಿಯುವ ನೀರಿನ ನಲ್ಲಿ ಮತ್ತು ಶೌಚಾಲಯ ಎರಡನ್ನೂ ಹೊತ್ತಿಗೆ ಸರಿಯಾಗಿ ಮುಗಿಸಲು ಆಗಲಿಲ್ಲ. ಶೌಚಾಲಯಕ್ಕೆ ಆದ್ಯತೆ ಕೊಟ್ಟರು, ಜನ ನೀರಿಗೆ ಪರದಾಡಿದರು. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿ ಅದರೊಳಗೆ ಹುಗಿದವು. ಖೊಟ್ಟಿ ಟಿಕೆಟ್ ಹಿಡಿದು ಬಂದವರೂ ಸೇರಿ ಕರೆದವರಿಗಿಂತ ಎಷ್ಟೋ ಹೆಚ್ಚು ಜನ ನುಗ್ಗಿದ್ದರು. ಜಗತ್ತಿನ ಅತಿ ಹೆಸರುವಾಸಿ ಪಾರ್ಕಿನ ಮೊದಲ ದಿನವೇ ಹಾಗೆ ಕಳೆಯಿತು.

ನಮ್ಮ ದೇಶಕ್ಕೆ ಈ ಗೀಳು ಬಂದದ್ದು ತಡವಾಗಿ. ದೆಹಲಿಯ ಅಪ್ಪು ಘರ್ 1984ರದು, ಮುಂಬೈಯ ಎಸ್ಸೆಲ್ ವರ್ಲ್ಡ್ 1989ರದು. ಇವತ್ತು ಎರಡೂ ಇಲ್ಲ. ವೋಲ್ಟೇಜ್ ಸ್ಟೆಬಿಲೈಜರ್ ಮಾರುತ್ತಿದ್ದ ವಿ-ಗಾರ್ಡ್ ಕಂಪನಿಯ ಕೊಚೌಸೆಪ್ ಚಿಟ್ಟಿಲಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿದರು. ಆಮೇಲೆ 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 82 ಎಕರೆಯ ವಂಡರ್‌ಲಾ ತಲೆಯೆತ್ತಿತು. ಒಣ ಆಟ, ನೀರಿನ ಆಟ ಸೇರಿ ಅರವತ್ತಕ್ಕೂ ಹೆಚ್ಚು. ಅಷ್ಟನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಹೊರಟವರು ಅರ್ಧವನ್ನೂ ಮುಗಿಸುವುದಿಲ್ಲ. ಏಕೆಂಬುದು ಸರತಿಯ ಗಣಿತ, ಆಮೇಲೆ ನೋಡೋಣ.

ಯಾವಾಗ ಹೋಗಬೇಕು? ಇಲ್ಲಿ ಪಂಚಾಂಗ ತೆಗೆಯಬೇಕು, ಮುಹೂರ್ತಕ್ಕಲ್ಲ, ಮಳೆಗೆ. ಏಪ್ರಿಲ್ ನಡುವಿಗೆ ಅಶ್ವಿನಿ, ಕೊನೆಗೆ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕಾ, 25ರ ಸುಮಾರಿಗೆ ರೋಹಿಣಿ. ಭರಣಿ–ಕೃತ್ತಿಕೆಗಳ ಅಡ್ಡಮಳೆ ಬೀಳುವುದು ಬಹುತೇಕ ಮಧ್ಯಾಹ್ನ ಮೂರರ ಮೇಲೆ, ಗುಡುಗು–ಸಿಡಿಲು–ಗಾಳಿಯ ಜೊತೆ. ಬೆಂಗಳೂರಿನ ಕಡೆಯೂ ಅದೇ ಆಟ. ಸಿಡಿಲು ಕಂಡರೆ ಬಯಲಿನ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ, ಜನರನ್ನು ಕೊಳದಿಂದ ಮೇಲಕ್ಕೆ ಕರೆಯುತ್ತಾರೆ. ನಿಲ್ಲಿಸಲೇಬೇಕು. ಅದಕ್ಕೆ ಸಿಟ್ಟಾಗುವವರು ನಮ್ಮ ಕಡೆ ಪ್ರತಿ ಮುಂಗಾರಿಗೆ ಗಿಡದ ಕೆಳಗೆ ನಿಂತು ಸತ್ತವರ ಸುದ್ದಿ ನೆನಪಿಸಿಕೊಳ್ಳಲಿ. ಮೇ ಕೊನೆಗಂತೂ ಹೆಸರು ಬಿತ್ತುವ ತಯಾರಿ, ಬೀಜ–ಗೊಬ್ಬರದ ಸರತಿ, ಶಾಲೆಯ ಹೊಸ ಸಮವಸ್ತ್ರ. ನಡುವೆ ಬಸವ ಜಯಂತಿ–ಅಕ್ಷಯ ತದಿಗೆಯ ಸುತ್ತ ಮದುವೆಗಳ ಸುಗ್ಗಿ. ಇವೆಲ್ಲ ಕಳೆದರೆ ಉಳಿಯುವುದು ಏಪ್ರಿಲ್ ಮೂರನೇ ವಾರ. ಅದರಲ್ಲೂ ಮಂಗಳವಾರದಿಂದ ಗುರುವಾರ. ಶನಿವಾರ, ಭಾನುವಾರ ಟಿಕೆಟ್ ದರವೂ ಹೆಚ್ಚು, ಬೆಂಗಳೂರಿನ ಜನವೂ ಹೆಚ್ಚು. ವಾರದ ನಡುವೆ ಸೂಟಿ ಹಾಕುವ ಸ್ವಾತಂತ್ರ್ಯ ಸಾಫ್ಟ್‌ವೇರ್ ಎಂಜಿನಿಯರಿಗೆ ಇಲ್ಲ, ನಮ್ಮ ರೈತನಿಗೆ ಉಂಟು. ಅದನ್ನು ಬಿಟ್ಟು ಭಾನುವಾರ ಹೋಗುವುದು ಯಾವ ಜಾಣತನ?

ಆದರೆ ಏಪ್ರಿಲ್ ಮೂರನೇ ವಾರ ಹೋಗಬೇಕೆಂದರೆ ಫೆಬ್ರವರಿಯಲ್ಲೇ ತೀರ್ಮಾನವಾಗಬೇಕು. ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನವಾಗಿದೆ. ಏಪ್ರಿಲ್ 21ರ ರಾತ್ರಿಯ ರೈಲಿಗೆ ಫೆಬ್ರವರಿ 20ರ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ಆ ಹೊತ್ತಿಗೆ ಕಣದಲ್ಲಿ ಮೆಣಸಿನಕಾಯಿ ಒಣಗುತ್ತಿರುತ್ತದೆ, ಕಡಲೆ ಕಟಾವಿಗೆ ಆಳು ಸಿಗುತ್ತಿರುವುದಿಲ್ಲ. ಪ್ರವಾಸದ ಮಾತೆತ್ತಿದರೆ "ಮೊದಲ ರಾಶಿ ಮುಗೀಲಿ" ಎನ್ನುತ್ತಾರೆ. ರಾಶಿ ಮುಗಿಯುವುದರೊಳಗೆ ಸ್ಲೀಪರ್ ಸೀಟು ಮುಗಿದಿರುತ್ತದೆ. ಕೊನೆಗೆ ತತ್ಕಾಲ್‌ಗೆ ಗಂಟು ಬೀಳುತ್ತಾರೆ. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಗ್ಗೆ 11ಕ್ಕೆ, ಏಸಿಗೆ 10ಕ್ಕೆ. ಆನ್‌ಲೈನ್ ತತ್ಕಾಲ್‌ಗೆ 2025ರ ಜುಲೈನಿಂದ ಆಧಾರ್ ದೃಢೀಕರಣವೂ ಬೇಕು. ಆರು ಜನರ ಮನೆಗೆ ತತ್ಕಾಲ್ ನಂಬಿ ಹೊರಡುವುದು ಮಳೆ ಬರುವುದೆಂದು ಒಣಮಣ್ಣಿನಲ್ಲಿ ಬಿತ್ತಿದ ಹಾಗೆ.

ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ. ಐದರಿಂದ ಹನ್ನೆರಡರವರಿಗೆ ಪ್ರತ್ಯೇಕ ಬರ್ತ್ ಕೇಳಿದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ರಾತ್ರಿಯ ಪ್ರಯಾಣಕ್ಕೆ ಬರ್ತ್ ತೆಗೆದುಕೊಳ್ಳುವುದೇ ಲೇಸು. ನಿದ್ದೆಗೆಟ್ಟ ಒಂಬತ್ತು ವರ್ಷದ ಹುಡುಗಿ ಮಾರನೆಯ ದಿನ ಹನ್ನೆರಡಕ್ಕೆಲ್ಲ ರಚ್ಚೆ ಹಿಡಿಯುತ್ತಾಳೆ, ಉಳಿಸಿದ ಅರ್ಧ ಟಿಕೆಟ್ ಅಲ್ಲಿಗೆ ನೀರುಪಾಲು.

ಅಣ್ಣಿಗೇರಿ ಮತ್ತು ಕುಂದಗೋಳದವರಿಗೆ ಊರಲ್ಲೇ ರೈಲು ನಿಲ್ದಾಣ ಉಂಟು. ನವಲಗುಂದ, ಕಲಘಟಗಿಯವರು ಬಸ್ಸು ಹಿಡಿದು ಹುಬ್ಬಳ್ಳಿಗೆ ಬರಬೇಕು. ದೂರದ ರೈಲಿಗೆ ಎಲ್ಲರಿಗೂ ಹುಬ್ಬಳ್ಳಿಯೇ ಗತಿ. 1507 ಮೀಟರಿನ ಪ್ಲಾಟ್‌ಫಾರ್ಮ್ ಇರುವ ನಿಲ್ದಾಣದಲ್ಲಿ ಮುದುಕಿಯನ್ನು ಕರೆದುಕೊಂಡು ಬೋಗಿ ಹುಡುಕುವುದಿದ್ದರೆ ಅರ್ಧ ತಾಸು ಮೊದಲೇ ಬನ್ನಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಂಥ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದು ಬೆಂಗಳೂರಿನಲ್ಲಿ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಇಲ್ಲಿಂದ ಮಧ್ಯಾಹ್ನ ಹೊರಟು ಅಲ್ಲಿ ರಾತ್ರಿ ತಲುಪಿಸುತ್ತದೆ. ದರ ಜಾಸ್ತಿ, ಆದರೆ ಹೋದ ರಾತ್ರಿ ಕಾಲು ಚಾಚಿ ಮಲಗಬಹುದು. ಕಾಕಾನ ಮನೆಯಿದ್ದವರಿಗೆ ಇದು ಒಳ್ಳೆಯ ದಾರಿ.

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಸ್ಲೀಪರ್, ರಾಜಹಂಸ, ಏಸಿ ಬಸ್ಸುಗಳಿಗೆ ಅನ್ವಯವಿಲ್ಲ. ಅವ್ವ, ಆಯಿ, ಇಬ್ಬರು ಹುಡುಗಿಯರು ಇರುವ ಮನೆಯಲ್ಲಿ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲೇ ಹೋಗಿಬಿಡೋಣ ಎಂಬ ಆಸೆ ಹುಟ್ಟುವುದು ಸಹಜ. ರಾತ್ರಿಯಿಡೀ ಕುಂತು ಹೋದವರ ಸೊಂಟವನ್ನು ಕೇಳಿ ನೋಡಿ. ಆ ಉಚಿತವನ್ನು ಊರಿಂದ ಹುಬ್ಬಳ್ಳಿಗೆ, ಮತ್ತೆ ಬೆಂಗಳೂರಿನ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಬಿಡದಿಗೆ ಬಳಸಿ. ನಡುವಿನ ದೊಡ್ಡ ದಾರಿಗೆ ರೈಲೇ ಇರಲಿ. ಆಧಾರ್ ಕಾರ್ಡ್ ಮೇಲುಚೀಲದಲ್ಲಿರಲಿ, ಟ್ರಂಕಿನ ತಳದಲ್ಲಲ್ಲ.

ಈಗ ಅಪ್ಪನ ಟಿಕೆಟ್ ಪ್ರಶ್ನೆ. ಇಲ್ಲಿ ವಯಸ್ಸು ನಡೆಯುವುದಿಲ್ಲ, ಎತ್ತರ ನಡೆಯುತ್ತದೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿನ ಕೂಸಿಗೆ ಟಿಕೆಟ್ ಇಲ್ಲ, 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ಅದೇ ಅಳತೆ ಒಳಗೂ ಕಾಯುತ್ತದೆ. ತಲೆಕೆಳಗಾಗಿ ತಿರುಗಿಸುವ ದೊಡ್ಡ ಆಟಗಳಿಗೆ ಗೆರೆ ಮುಟ್ಟದವರನ್ನು ಬಿಡುವುದಿಲ್ಲ. ಆದ್ದರಿಂದ ಹೊರಡುವ ವಾರದ ಮೊದಲೇ ಮನೆಯ ಕಂಬಕ್ಕೆ ಟೇಪು ಹಿಡಿದು 140ಕ್ಕೆ ಸೀಸದಕಡ್ಡಿಯಲ್ಲಿ ಗೆರೆ ಎಳೆಯಿರಿ. ಹುಡುಗಿ ಬಂದು ಬೆನ್ನು ಆನಿಸಿ ನಿಲ್ಲುತ್ತಾಳೆ, ಹಿಮ್ಮಡಿ ಮೆಲ್ಲಗೆ ಮೇಲೇಳುತ್ತದೆ, ಅಣ್ಣ "ಏ, ತುದಿಗಾಲ ಮ್ಯಾಲೆ ನಿಂತಾಳ ನೋಡವ್ವಾ" ಎಂದು ಕೂಗುತ್ತಾನೆ. ಎರಡು ಸೆಂಟಿಮೀಟರ್ ಕಡಿಮೆ ಬಿದ್ದರೆ ಆ ಅಳುವೆಲ್ಲ ಮನೆಯಲ್ಲೇ ಮುಗಿಯುತ್ತದೆ. ಒಂದೂವರೆ ತಾಸು ಪಾಳಿ ನಿಂತು ಗೇಟಿನಲ್ಲಿ ವಾಪಸ್ ಕಳಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ.

ದರ ದಿನದಿನಕ್ಕೆ ಬೇರೆಯಾಗುವುದರಿಂದ ಹೋಗುವ ತಾರೀಖು ಹಾಕಿಯೇ ನೋಡಬೇಕು. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯೇ ಕೇಳಿ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಮನೆಯಲ್ಲಿದ್ದರೆ ಅವನ ಹಾಲ್ ಟಿಕೆಟ್ ಜೋಪಾನ. ಇಂಥ ಪಾರ್ಕುಗಳ ಪ್ರವೇಶಕ್ಕೆ ಜಿಎಸ್‌ಟಿ ಮೊದಲು ಶೇ 28 ಇತ್ತು, 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಸಿದರು. ಮನೆಯವರ ಅಂದಾಜು ತಪ್ಪುವುದು ಟಿಕೆಟ್‌ನಲ್ಲಲ್ಲ, ಸಣ್ಣಪುಟ್ಟ ಖರ್ಚಿನಲ್ಲಿ: ಲಾಕರ್, ಈಜುಡುಗೆ, ಎರಡು ಹೊತ್ತಿನ ತಿಂಡಿ, ಐಸ್‌ಕ್ರೀಂ, ಫೋಟೊ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪಿಂಡಿಯ ಬುತ್ತಿಗಂಟು ರೈಲಿಗೆ ಸಾಕು. ಬಿಡದಿಯಲ್ಲಿ ಇಳಿದ ಮೇಲೆ ಅಲ್ಲಿನ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದು ಗೇಟಿಗೆ ಹೋಗಿ.

ಉಡುಗೆಯ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅಲ್ಲಿ ಹೋದಮೇಲೆ ಜಗಳವಾಗುತ್ತದೆ. ಸೀರೆ, ಧೋತರ, ಹತ್ತಿಯ ಅಂಗಿ, ಜೀನ್ಸ್ ತೊಟ್ಟು ಕೊಳಕ್ಕೆ ಇಳಿಯುವಂತಿಲ್ಲ, ನೈಲಾನ್ ಬಗೆಯ ಬಟ್ಟೆಯೇ ಬೇಕು. ಇದು ಬಡಿವಾರವಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಶೋಧಕಗಳನ್ನು ಕಟ್ಟಿಸುತ್ತದೆ, ಸೀರೆಯ ಸೆರಗು ಜಾರುವ ಕೊಳವೆಯಲ್ಲಿ ಎಲ್ಲಿ ಸಿಕ್ಕಿಕೊಂಡೀತೆಂದು ಹೇಳಲಾಗದು. ತುಂಬುತೋಳಿನ, ಮೊಣಕಾಲು ಮುಚ್ಚುವ ನೈಲಾನ್ ಉಡುಪು ಹುಬ್ಬಳ್ಳಿಯ ಪೇಟೆಯಲ್ಲಿ ಸಿಗುತ್ತದೆ. ಮೊದಲೇ ಕೊಂಡರೆ ಸೊಸೆಗೂ ಮುಜುಗರವಿಲ್ಲ, ಅತ್ತೆಗೂ ಇರಿಸುಮುರುಸಿಲ್ಲ, ಭುಜವೂ ಬಿಸಿಲಿಗೆ ಸುಡುವುದಿಲ್ಲ. ಬೋರಮಾಳ, ಬೆಂಡೋಲೆ ಮನೆಯ ಟ್ರೆಜರಿಯಲ್ಲೇ ಇರಲಿ. ತಾಳಿ ತೆಗೆಯಲು ಹೆಚ್ಚಿನ ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಒಪ್ಪಿಸುವ ಗೋಜಿಗೂ ಹೋಗಬೇಡಿ. ಬಂಗಾರದ ಸರ ಬಿಟ್ಟು ಗಟ್ಟಿ ದಾರದ ಕರಿಮಣಿಯಲ್ಲಿ ಪೋಣಿಸಿ, ಒಳಗೆ ಪಿನ್ನು ಹಾಕಿಕೊಂಡರೆ ಕೆಲಸ ನಡೆಯುತ್ತದೆ. ಕೊರಳಲ್ಲಿ ಲಿಂಗ ಕಟ್ಟಿದ ಹಿರಿಯರು ಅಲೆಯ ಕೊಳಕ್ಕಿಳಿದರೆ ಶಿವದಾರದ ಗಂಟನ್ನು ನೋಡಿಕೊಂಡು ಇಳಿಯಬೇಕು. ನೂರಾರು ಜನರ ಕಾಲಡಿ ಬಿದ್ದ ಕರಡಿಗೆಯನ್ನು ಹುಡುಕುವುದು ಯಾರಿಂದಲೂ ಆಗದ ಮಾತು.

ಇನ್ನು ಸರತಿಯ ಗಣಿತ. ಒಂದು ಆಟದಲ್ಲಿ ಒಮ್ಮೆಗೆ 20 ಜನ ಕುಳಿತುಕೊಳ್ಳುತ್ತಾರೆ, ಹತ್ತಿಸಿ ಇಳಿಸಿ ಒಂದು ಸುತ್ತಿಗೆ ಮೂರು ನಿಮಿಷ ಎಂದಿಟ್ಟುಕೊಳ್ಳಿ. ತಾಸಿಗೆ 400 ಜನ. ನಿಮ್ಮ ಮುಂದೆ 600 ಜನ ಇದ್ದರೆ ಒಂದೂವರೆ ತಾಸು, ಯಾರ ಕೈಕಾಲು ಹಿಡಿದರೂ ಅಷ್ಟೇ. ಸರತಿಯ ಉದ್ದ, ಕಾಯುವ ಹೊತ್ತು, ಜನ ಹರಿಯುವ ವೇಗ ಈ ಮೂರರ ನಂಟನ್ನು ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ರೇಷನ್ ಅಂಗಡಿಯ ಮುಂದೆ ನಿಂತವರಿಗೆ ಅದು ಅನುಭವದಿಂದಲೇ ಗೊತ್ತು. ಗೇಟು ತೆರೆದ ಕೂಡಲೇ ಎಲ್ಲರೂ ಕಣ್ಣಿಗೆ ಮೊದಲು ಬಿದ್ದ ಆಟಕ್ಕೆ ನುಗ್ಗುತ್ತಾರೆ. ನೀವು ನೆಟ್ಟಗೆ ಹಿಂದಿನ ತುದಿಗೆ ನಡೆಯಿರಿ. ಹನ್ನೊಂದರಿಂದ ಹನ್ನೆರಡೂವರೆಯೊಳಗೆ ಮಕ್ಕಳು ಬಹಳ ಆಸೆಪಟ್ಟ ಎರಡೋ ಮೂರೋ ದೊಡ್ಡ ಒಣ ಆಟ ಮುಗಿಸಿಬಿಡಿ. ಆಮೇಲೆ ಆ ಕಬ್ಬಿಣದ ಸೀಟುಗಳು ಕಾದ ಹಂಚಾಗುತ್ತವೆ. ಸರತಿ ತಪ್ಪಿಸುವ ಹೆಚ್ಚಿನ ದರದ ಟಿಕೆಟ್ ಕೂಡ ಉಂಟು. ವಾರದ ನಡುವೆ ಹೋಗುವ ಮನೆಗೆ ಅದು ದಂಡ ಎಂಬುದು ನನ್ನ ಅನಿಸಿಕೆ.

ನಡುಮಧ್ಯಾಹ್ನ ಜನರೆಲ್ಲ ನೀರಿಗೆ ಓಡುತ್ತಾರೆ. ನೀವು ಆಗ ಊಟ ಮಾಡಿ, ಚಾವಣಿ ಇರುವ ಪ್ರದರ್ಶನಗಳಲ್ಲಿ ಕುಂತು, ನೆರಳಲ್ಲಿ ಅಡ್ಡಾಗಿ. ಮೂರರ ಮೇಲೆ ನೀರಿಗಿಳಿದರೆ ಮುಚ್ಚುವವರೆಗೂ ಆಡಬಹುದು. ಮಳೆ ಬಂದೀತೆಂಬ ಅಂಜಿಕೆ ಇದ್ದರೆ ಮೋಡ ನೋಡಿ ಒಂದು ತಾಸು ಹಿಂದೆಮುಂದೆ ಮಾಡಿಕೊಳ್ಳಿ. ಏಪ್ರಿಲ್ ಮೂರನೇ ವಾರವನ್ನು ಆರಿಸಿದ್ದು ಇದಕ್ಕೂ ಕೂಡಿಯೇ.

ನೀರಲ್ಲಿದ್ದವರಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ತಾಸಿಗೊಮ್ಮೆ ಎಲ್ಲರನ್ನೂ ಕೊಳದಿಂದ ಎಬ್ಬಿಸಿ ನೀರು ಕುಡಿಸುವ ಕೆಲಸವನ್ನು ಒಬ್ಬರಿಗೆ ವಹಿಸಿಬಿಡಿ, ಬೈಸಿಕೊಳ್ಳಲು ತಯಾರಿರುವ ದೊಡ್ಡವರಿಗೆ. ಔಷಧ ಅಂಗಡಿಯ ಓಆರ್‌ಎಸ್ ಪುಡಿ ನಾಲ್ಕು ಪೊಟ್ಟಣ ಚೀಲದಲ್ಲಿರಲಿ. ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು. ಬಣ್ಣದ ಡಬ್ಬಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ತಲೆಶೂಲೆ, ವಾಕರಿಕೆ, ಕಾಲು ಹಿಡಿತ ಶುರುವಾದರೆ ನೆರಳಿಗೆ ಕರೆತಂದು ಕುಡಿಸಿದರೆ ಸುಧಾರಿಸುತ್ತದೆ. ಮಾತು ತೊದಲಿ, ಗೊತ್ತುಗುರಿಯಿಲ್ಲದೆ ಬಡಬಡಿಸಿ, ಮೈ ಕೆಂಡವಾದರೆ ಅದು ಬಿಸಿಲು ಬಡಿದದ್ದು. ಆಗ ಬಾಯಿಗೆ ಏನೂ ಹಾಕದೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಪಾರ್ಕಿನ ಪ್ರಥಮ ಚಿಕಿತ್ಸೆಯವರನ್ನು ಕೂಗಬೇಕು. ಕಾದ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುವ ಮಕ್ಕಳಿಗೆ ರಬ್ಬರಿನ ಚಪ್ಪಲಿ ಬೇಕು. ಅಲೆಯ ಕೊಳದಲ್ಲಿ ಕಾವಲುಗಾರ ಇದ್ದರೂ ನಿಮ್ಮ ಮಗುವಿನ ಮೇಲೆ ನಿಮ್ಮ ಕಣ್ಣೇ ಇರಬೇಕು. ಎರಿಸೀಮೆಯ ಮಕ್ಕಳಲ್ಲಿ ಈಜು ಬಲ್ಲವರು ಕಡಿಮೆ.

ಈಜು ಬಾರದಿರುವುದಕ್ಕೂ ಕಾರಣವಿದೆ. ನವಲಗುಂದದ ಕಡೆ ನೆಲದಡಿಯ ನೀರು ಸವಳು. ಕುಡಿಯುವುದಕ್ಕೆ ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಗಳೇ ಆಧಾರ. ಆ ಕೆರೆಗೆ ಇಳಿಯುವುದಿರಲಿ, ದಡದಲ್ಲಿ ಬಟ್ಟೆ ಒಗೆದರೂ ಬೈಯುತ್ತಾರೆ. ಕಳಸಾ–ಬಂಡೂರಿ ನೀರಿನ ಯೋಜನೆಗಾಗಿ 2015ರಿಂದ ಹೋರಾಡಿದ ತಾಲ್ಲೂಕಿನ ಅಜ್ಜ ಬಿಡದಿಯ ಕೊಳ ನೋಡಿದೊಡನೆ "ಇಷ್ಟು ನೀರ ಎಲ್ಲಿಂದ ತಂದ್ರೋ?" ಎಂದು ಕೇಳದಿದ್ದರೆ ಅದೇ ಆಶ್ಚರ್ಯ. ಕೊಳದ ನೀರನ್ನು ದಿನವೂ ಚೆಲ್ಲುವುದಿಲ್ಲ. ಮರಳಿನ ಶೋಧಕದಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಅದನ್ನೇ ತಿರುಗಿ ಹರಿಸುತ್ತಾರೆ. ಆವಿಯಾದದ್ದು, ಮೈಗಂಟಿ ಹೋದದ್ದು, ಶೋಧಕ ತೊಳೆದದ್ದು ಮಾತ್ರ ಹೊಸದಾಗಿ ಬೇಕು. ಬೇಸಿಗೆಯಲ್ಲಿ ಅದೂ ಸಣ್ಣ ಲೆಕ್ಕವಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರಿನ ಜಲಮಂಡಳಿ ಕಾರು ತೊಳೆಯಲು, ಕಾರಂಜಿಗೆ, ಮನರಂಜನೆಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಹೇರಿತು. ಅಜ್ಜನ ಪ್ರಶ್ನೆಗೆ ಮಕ್ಕಳು ಉತ್ತರ ಹುಡುಕಲಿ, ಸೂಟಿಯ ಹೋಂವರ್ಕ್ ಅಂತಾದರೂ.

ಆ ಅಜ್ಜ, ಆಯಿ ಇಡೀ ದಿನ ಅಲ್ಲಿ ಮಾಡುವುದೇನು? ಹೆಚ್ಚಿನ ಮನೆಗಳಲ್ಲಿ ಅವರು ಎಲ್ಲರ ಚೀಲ, ಚಪ್ಪಲಿ, ಮೊಬೈಲು ಕಾಯುತ್ತ ಕುಂತಿರುತ್ತಾರೆ. ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು, ಎಲೆಡಿಕೆ ಚೀಲವನ್ನು ಗೇಟಿನಲ್ಲಿ ಬಿಟ್ಟು ಬಂದ ಬೇಸರದಲ್ಲಿ, ಅಪರಿಚಿತರ ಒದ್ದೆ ಮಕ್ಕಳನ್ನು ನೋಡುತ್ತ. ಅದಕ್ಕಾಗಿ ಪೂರ್ತಿ ದಿನದ ಟಿಕೆಟ್ ಕೊಳ್ಳುವುದು ಅವರಿಗೂ ನ್ಯಾಯವಲ್ಲ, ಜೇಬಿಗೂ ಅಲ್ಲ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಒಬ್ಬರು ಹಿರಿಯರನ್ನು ಬೆಳಗ್ಗೆ ಅಲ್ಲಿಗೆ ಕರೆದೊಯ್ದು, ಬೀಸುಕಲ್ಲು, ಗೊಂಬೆ, ವಾದ್ಯಗಳನ್ನು ತೋರಿಸಿ, ಮಧ್ಯಾಹ್ನ ವಸತಿಗೆ ಕರೆತರಬಹುದು. ಮನೆಮಂದಿಯೆಲ್ಲ ದಿನವಿಡೀ ಒಂದೇ ಜಾಗದಲ್ಲಿರಬೇಕೆಂದು ಯಾರು ಹೇಳಿದರು?

ನಿಜ ಹೇಳಬೇಕೆಂದರೆ ಮನೆಯಲ್ಲಿ ಮೂರು ವರ್ಷದ ಕೂಸು, ಮಂಡಿನೋವಿನ ಆಯಿ ಇಬ್ಬರೂ ಇದ್ದರೆ ಮೊದಲ ಪ್ರವಾಸಕ್ಕೆ ಬಿಡದಿ ಬೇಡವೇ ಬೇಡ. ಹುಬ್ಬಳ್ಳಿಯಿಂದ ಬೆಂಗಳೂರು ಹೆದ್ದಾರಿಯಲ್ಲಿ ತಾಸಿನ ಒಳಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಅಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಉತ್ತರ ಕರ್ನಾಟಕದ ಹಳ್ಳಿಯೊಂದು ಆಳೆತ್ತರದ ಸಿಮೆಂಟ್ ಮೂರ್ತಿಗಳಲ್ಲಿ ನಿಂತಿದೆ: ಕಮ್ಮಾರ, ಕುಂಬಾರ, ರೊಟ್ಟಿ ತಟ್ಟುವವಳು, ರಾಶಿಯ ಕಣ, ಎತ್ತಿನ ಬಂಡಿ. ಹಳ್ಳಿಯವರು ರೊಕ್ಕ ಕೊಟ್ಟು ಹಳ್ಳಿ ನೋಡುವುದೇನು ಎಂದು ನಗಬಹುದು. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಬಂಡಿಯ ಮೂಕಿ ಯಾವುದು, ಈಸು ಯಾವುದು ಗೊತ್ತಿಲ್ಲ. ಅಲ್ಲಿ ತಿರುಗಾಡುವಾಗ ಮಾತಾಡುವವಳು ಆಯಿ, ಕೇಳುವವರು ಮೊಮ್ಮಕ್ಕಳು. ನಾಲ್ಕರ ಮೇಲೆ ಹೋದರೆ ಬಿಸಿಲೂ ತಗ್ಗಿರುತ್ತದೆ. ಹುಬ್ಬಳ್ಳಿಯಲ್ಲೇ ಉಳಿಯುವುದಾದರೆ 2020ರಲ್ಲಿ ತೆರೆದ ರೈಲು ಮ್ಯೂಸಿಯಂ ಇದೆ, ಇಂದಿರಾ ಗಾಜಿನ ಮನೆಯ ಉದ್ಯಾನದಲ್ಲಿ ಪುಟಾಣಿ ರೈಲು ಇದೆ. ಎರಡು ಸೂಟಿ ಹೀಗೆ ಕಳೆದು, ಕೂಸು ಗೆರೆಯ ಹತ್ತಿರ ಬೆಳೆದ ಮೇಲೆ ಬಿಡದಿಗೆ ಹೋದರೆ ಟಿಕೆಟ್‌ಗೆ ತಕ್ಕ ಆಟ ಸಿಗುತ್ತದೆ.

ಬಿಡದಿಯೇ ಗಟ್ಟಿಯಾದರೆ ಕೊನೆಗೊಂದು ತೊಡಕು ಉಳಿಯುತ್ತದೆ, ಪ್ರವಾಸದ ಯಾವ ಆ್ಯಪ್‌ನಲ್ಲೂ ಅದಕ್ಕೆ ಉತ್ತರ ಇಲ್ಲ. ದನ ಕಟ್ಟಿದ ಮನೆಯವರು ಎಲ್ಲರೂ ಒಟ್ಟಿಗೆ ಹೊರಡುವುದು ಹೇಗೆ? ಮೂರು ರಾತ್ರಿ ಎಮ್ಮೆ ಹಿಂಡುವವರು ಯಾರು? ಈ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಅವ್ವ ಒಬ್ಬಳು ಹಿಂದೆ ಉಳಿಯುತ್ತಾಳೆ, "ನೀವು ಹೋಗಿ ಬರ್ರಿ, ನನಗೇನ ಆಟಾ" ಎನ್ನುತ್ತ. ಪಕ್ಕದ ಮನೆಯ ವೈನಿಯ ಜೊತೆ ಮಾತಾಡಿಕೊಳ್ಳಿ. ಈ ವಾರ ನಿಮ್ಮ ಎಮ್ಮೆ ಅವರಿಗೆ, ಮುಂದಿನ ವಾರ ಅವರು ತವರಿಗೆ ಹೋದಾಗ ಅವರದು ನಿಮಗೆ. ಎಮ್ಮೆ ಗುರುತಿಲ್ಲದ ಕೈಗೆ ಸೊರೆ ಬಿಡುವುದಿಲ್ಲ, ಆದ್ದರಿಂದ ಹೊರಡುವ ನಾಲ್ಕೈದು ದಿನ ಮೊದಲಿನಿಂದ ಎರಡೂ ಹೊತ್ತು ವೈನಿಯಿಂದಲೇ ಹಿಂಡಿಸಿ. ಅವ್ವ ಬಗಲಲ್ಲಿ ನಿಂತು ಎಮ್ಮೆಯ ಬೆನ್ನು ಸವರುತ್ತಿರಲಿ. ಐದನೇ ದಿನ ಅವಳು ಒಳಗೆ ಇದ್ದರೂ ಹಾಲು ಇಳಿದರೆ ಅವಳ ಹೆಸರಿನ ಬರ್ತ್ ರದ್ದು ಮಾಡುವ ಪ್ರಮೇಯ ಬರುವುದಿಲ್ಲ.